ಈಸ್ಟ್ ಬೆಳೆಸುವುದು ಸುಲಭ, ಸುಮ್ಮನಿರಿಸುವುದೇ ಕಷ್ಟ

ಪ್ರಶ್ನೆ: ನಾನು ಮಾನ್ವಿಯವನು. ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡಿದ್ದು ಈಗ ಊರಿಗೆ ಮರಳಿದ್ದೇನೆ. ಅಲ್ಲಿನ ಮೈಕ್ರೋಬ್ರೂವರಿಯೊಂದರಲ್ಲಿ, ಒಮ್ಮೆ ತಂದ ಈಸ್ಟನ್ನೇ ಮತ್ತೆ ಮತ್ತೆ ಬೆಳೆಸಿ ಬಳಸುತ್ತೇವೆ ಎಂದು ಹೇಳಿದ್ದರು. ಹೊರದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವವರೂ ಈಸ್ಟನ್ನು ಬಾಟಲಿಯಲ್ಲಿ ಕಾಪಿಡುತ್ತಾರಂತೆ. ನಮ್ಮ ರಾಯಚೂರು, ಮಾನ್ವಿ, ದೇವದುರ್ಗದ ಬಿಸಿಲಿಗೆ, ಕರೆಂಟ್ ಬಂದು ಹೋಗುವ ಊರಲ್ಲಿ ಇದೆಲ್ಲ ಆಗುವ ಮಾತೇ? ಸೇಂದಿಯಲ್ಲಿರುವುದೂ ಇದೇ ಈಸ್ಟೇ? ಬೇಕರಿ ಈಸ್ಟಿನಿಂದ ಬಿಯರ್ ಆಗುತ್ತದೆಯೇ?

ಉತ್ತರ: ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಅಪರಾಧ. ಮಾರುವುದಕ್ಕಲ್ಲ, ಮನೆಮಂದಿಗಷ್ಟೇ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ 1963ರಲ್ಲಿ, ಅಮೆರಿಕದಲ್ಲಿ 1978ರಲ್ಲಿ ಮನೆಬಳಕೆಯ ಬಿಯರಿಗೆ ಸರಕಾರ ದಾರಿ ಬಿಟ್ಟುಕೊಟ್ಟಿತು. ನೀವು ಕೇಳಿದ ಬಾಟಲಿ ವಿದ್ಯೆಯೆಲ್ಲ ಹುಟ್ಟಿದ್ದು ಹಾಗೆ ದಾರಿ ಸಿಕ್ಕ ದೇಶಗಳ ಅಡುಗೆಮನೆಗಳಲ್ಲಿ. ನಮ್ಮಲ್ಲಿ ಆ ದಾರಿ ತೆರೆದಿಲ್ಲ. ಆದರೆ ಈಸ್ಟ್ ಮದ್ಯವಲ್ಲ. ಅದನ್ನು ಬೆಳೆಸಿ, ಕಾಪಿಟ್ಟು, ನಾನಿಗೋ ಬ್ರೆಡ್ಡಿಗೋ ಹಾಕಿಕೊಂಡರೆ ಯಾರೂ ಕೇಳುವುದಿಲ್ಲ. ಆದ್ದರಿಂದ ಮುಂದಿನದನ್ನು ಈಸ್ಟ್ ಸಾಕುವವರ ಮಾತು ಎಂದು ಓದಿಕೊಳ್ಳಿ.

ಇಷ್ಟು ಬಿಸಿಲಿಗೆ ಈಸ್ಟ್ ಬೆಳೆದೀತೇ ಎಂಬ ಅನುಮಾನ ನಿಮ್ಮ ಪ್ರಶ್ನೆಯೊಳಗಿದೆ. ಬೆಳೆಯುವುದಕ್ಕೆ ನಮ್ಮೂರಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಈ ಏಕಕೋಶ ಜೀವಿಗೆ 30 ಡಿಗ್ರಿ ಆಸುಪಾಸಿನ ಬೆಚ್ಚಗೆ, ತಿನ್ನಲು ಸಕ್ಕರೆ, ಒಂದಿಷ್ಟು ಗಾಳಿ ಸಿಕ್ಕಿದರೆ ಒಂದೂವರೆ ಗಂಟೆಗೊಮ್ಮೆ ದುಪ್ಪಟ್ಟಾಗುತ್ತದೆ. ಸಂಜೆ ಆರಕ್ಕೆ ಒಂದಿದ್ದದ್ದು ಬೆಳಗಿನ ಆರಕ್ಕೆ 256 ಆಗಿರುತ್ತದೆ. ತೊಂದರೆ ಇರುವುದು ಅದನ್ನು ಬೇಕಾದಾಗ ನಿಲ್ಲಿಸುವುದರಲ್ಲಿ. ಉಂಡು ಮುಗಿಸಿದ ಈಸ್ಟ್ ಮಲಗಬೇಕು, ಮಲಗಿದ್ದು ಸಾಯಬಾರದು, ಪಕ್ಕದಲ್ಲಿ ಬೇರೆ ಜೀವಿ ಏಳಬಾರದು. ತಣ್ಣನೆಯ ದೇಶದಲ್ಲಿ ನೆಲಮಾಳಿಗೆಯೇ ಈ ಕೆಲಸ ಮಾಡಿಕೊಡುತ್ತದೆ. ಏಪ್ರಿಲ್ ಮೇನಲ್ಲಿ 42-43 ಡಿಗ್ರಿ ಮುಟ್ಟುವ ರಾಯಚೂರಿನಲ್ಲಿ ನಾವೇ ಮಾಡಬೇಕು.

ನಿಲ್ಲಿಸುವ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. ಈಚಲು ಮರ ಹತ್ತುತ್ತಿದ್ದ ಹಿರಿಯ ಈಳಿಗೇರರಿಗೆ ಇದು ಗೊತ್ತು. ಮರದಿಂದ ಒಸರುವ ರಸದಲ್ಲಿ ನೂರಕ್ಕೆ ಹತ್ತು-ಹನ್ನೆರಡು ಪಾಲು ಸಕ್ಕರೆ. ಬೆಳಗಿನ ಜಾವ ಇಳಿಸಿದರೆ ಸಿಹಿ ನೀರಾ. ಹೊತ್ತೇರುತ್ತಿದ್ದಂತೆ ನೊರೆ ಏಳುತ್ತದೆ, ಮಧ್ಯಾಹ್ನಕ್ಕೆ ಸೇಂದಿ, ಮರುದಿನ ದಾಟಿದರೆ ಹುಳಿ, ಆಮೇಲೆ ವಿನೆಗರ್. ಯಾರೂ ಈಸ್ಟ್ ಹಾಕಿರುವುದಿಲ್ಲ. ಗಾಳಿ, ನೊಣ, ಮರದ ತೊಗಟೆ, ಎಲ್ಲಕ್ಕಿಂತ ಹೆಚ್ಚಾಗಿ ನಿನ್ನೆಯ ಗಡಿಗೆಯ ಒಳಮೈಗೆ ಅಂಟಿಕೊಂಡ ಗಸಿ, ಇವೇ ಬೀಜ. ಗಡಿಗೆಯನ್ನು ಪೂರ್ತಿ ತೊಳೆಯದೆ ಮತ್ತೆ ಕಟ್ಟಿದರೆ ನಾಳಿನ ಸೇಂದಿ ಬೇಗ ಏರುತ್ತದೆ. ನೀರಾ ನೀರಾ ಆಗಿಯೇ ಉಳಿಯಬೇಕಾದರೆ ಗಡಿಗೆಯ ಒಳಗೆಲ್ಲ ಸುಣ್ಣ ಬಳಿಯುತ್ತಾರೆ. ಸುಣ್ಣದ ಕ್ಷಾರ ಈಸ್ಟಿನ ಕೈಕಾಲು ಕಟ್ಟಿಹಾಕುತ್ತದೆ. ಗಸಿ ಉಳಿಸಿದರೆ ಬೆಳೆಸುವುದು, ಸುಣ್ಣ ಬಳಿದರೆ ತಡೆಯುವುದು. ಎರಡೂ ಒಂದೇ ಗಡಿಗೆಯಲ್ಲಿ, ಸೂಕ್ಷ್ಮದರ್ಶಕವಿಲ್ಲದೆ ನಡೆಯುತ್ತಿತ್ತು.

ಹಾಗಾದರೆ ಸೇಂದಿಯ ಈಸ್ಟೂ ಬಿಯರಿನದೂ ಒಂದೇನಾ? ಜಾತಿ ಒಂದೇ, ಸಂಸಾರ ಬೇರೆ. ಸೇಂದಿಯಲ್ಲಿ ಸ್ಯಾಕರೊಮೈಸಿಸ್ ಇರುತ್ತದೆ. ಅದರ ಜತೆಗೆ ಬೇರೆ ಕಾಡು ಈಸ್ಟುಗಳು, ಹುಳಿ ಮಾಡುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಈಸ್ಟಿನಂತೆಯೇ ಸಕ್ಕರೆಯಿಂದ ಮದ್ಯಸಾರ ಮಾಡುವ ಜೈಮೊಮೊನಾಸ್ ಎಂಬ ಬ್ಯಾಕ್ಟೀರಿಯಾ, ಕೊನೆಗೆ ವಿನೆಗರ್ ಮಾಡುವವು, ಹೀಗೆ ಸಂತೆಯೇ ಸೇರಿರುತ್ತದೆ. ಒಂದೇ ದಿನ ಕುಡಿದು ಮುಗಿಸುವ ಪಾನೀಯಕ್ಕೆ ಅದು ನಡೆಯುತ್ತದೆ. ವಾರಗಟ್ಟಲೆ ಇಡುವ ಬಿಯರಿಗೆ ನಡೆಯುವುದಿಲ್ಲ.

ಸೇಂದಿಯ ಮಾತು ಬಂದಮೇಲೆ ಎರಡು ವಿಷಯ ಬಿಡಲಾಗದು. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು, ನಿಜಾಮ ಸರಕಾರದ ಬೊಕ್ಕಸಕ್ಕೆ ಅಬಕಾರಿ ದೊಡ್ಡ ಆದಾಯವಾಗಿತ್ತು. 1947-48ರ ವಿಮೋಚನಾ ಹೋರಾಟದಲ್ಲಿ ಈಚಲು ಮರ ಕಡಿಯುವುದೂ ಚಳವಳಿಯ ಭಾಗವಾದದ್ದು ಆ ಆದಾಯಕ್ಕೆ ಪೆಟ್ಟು ಕೊಡಲೆಂದು. ಎರಡನೆಯದು ಈಗಿನ ಮಾತು. ನಮ್ಮ ಜಿಲ್ಲೆಯಲ್ಲಿ ಕದ್ದು ಮಾರುವ 'ಸೇಂದಿ'ಯಲ್ಲಿ ಬಹಳಷ್ಟು ಸಲ ಮರದ ರಸವೇ ಇರುವುದಿಲ್ಲ. ನೀರಿಗೆ ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಎಂಬ ನಿದ್ರೆಯ ಔಷಧಿ, ಜತೆಗೆ ಸ್ಯಾಕರಿನ್. ಅದರಲ್ಲಿ ಈಸ್ಟಿಗೆ ಕೆಲಸವೇ ಇಲ್ಲ. ರೂಢಿಯಾದವರು ಏಕಾಏಕಿ ಬಿಟ್ಟರೆ ಕೈ ನಡುಗಿ, ಭ್ರಮೆ ಬಂದು, ಫಿಟ್ಸ್ ಕೂಡ ಬರಬಹುದು. ಅಂಥವರು ಮನೆಯಲ್ಲಿದ್ದರೆ ಬಿಡಿಸುವ ಕೆಲಸವನ್ನು ಆಸ್ಪತ್ರೆಯಲ್ಲೇ ಮಾಡಿಸಿ.

ಸೇಂದಿಯಲ್ಲಿ ಕಂಡಂಥ ಸೂಕ್ಷ್ಮಜೀವಿಗಳ ಸಂತೆಯಿಂದ ಒಬ್ಬನನ್ನೇ ಆರಿಸಿ ಹೊರತರುವ ಕೆಲಸ ಮಾಡಿದವರು ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ 1883ರಲ್ಲಿ ಅವರು ಒಂದೇ ಕೋಶದಿಂದ ಇಡೀ ಬ್ರೂವರಿಗಾಗುವಷ್ಟು ಈಸ್ಟ್ ಬೆಳೆಸಿ ತೋರಿಸಿದರು. ಬಿಯರನ್ನು ಕೆಡಿಸುತ್ತಿದ್ದದ್ದು ಬ್ಯಾಕ್ಟೀರಿಯಾ ಮಾತ್ರವಲ್ಲ, ಒಳಗೆ ಸೇರಿಕೊಂಡ ಕಾಡು ಈಸ್ಟೂ ಹೌದು ಎಂದು ಗೊತ್ತಾದದ್ದು ಆಗ. ಕಂಪನಿ ಅದನ್ನು ಗುಟ್ಟಾಗಿಡದೆ ಬೇರೆ ಬ್ರೂವರಿಗಳಿಗೂ ಹಂಚಿತು. ಇವತ್ತು ಮನೆಯಲ್ಲಿ ಬಾಟಲಿ ಹಿಡಿದು ಕೂತ ಹವ್ಯಾಸಿಯೂ ಮಾಡುವುದು ಹ್ಯಾನ್ಸೆನ್ ಮಾಡಿದ್ದನ್ನೇ: ಸ್ವಲ್ಪದಿಂದ ಬಹಳ ಮಾಡುವುದು, ಬಹಳವಾಗುವಾಗ ಬೇರೆಯವರನ್ನು ಒಳಗೆ ಬಿಡದಿರುವುದು.

ಎಷ್ಟು ಬಹಳ? ಸಾಧಾರಣ ಗಟ್ಟಿಯ 20 ಲೀಟರ್ ಏಲ್ ಬಿಯರಿಗೆ ಹೆಚ್ಚುಕಡಿಮೆ 18,000 ಕೋಟಿ ಕೋಶಗಳು ಬೇಕೆಂಬುದು ಬ್ರೂವರಿಯವರ ಲೆಕ್ಕ. ಕಡಿಮೆ ಬಿದ್ದರೆ ಇದ್ದವು ಏದುಸಿರು ಬಿಟ್ಟುಕೊಂಡು ದುಡಿದು ಕೆಟ್ಟ ವಾಸನೆ ಬಿಡುತ್ತವೆ, ಆ ವಿಳಂಬದಲ್ಲಿ ಬ್ಯಾಕ್ಟೀರಿಯಾ ಮುಂದೆ ಹೋಗುತ್ತದೆ. ಅದಕ್ಕಾಗಿಯೇ 'ಸ್ಟಾರ್ಟರ್' ಮಾಡುತ್ತಾರೆ. ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ ಕರಗಿಸಿ ಕಾಲು ಗಂಟೆ ಕುದಿಸಿ, ಮುಚ್ಚಿ ಆರಿಸಿ, ಕೈಗೆ ಬೆಚ್ಚಗೂ ತಣ್ಣಗೂ ಅನ್ನಿಸದ ಹದಕ್ಕೆ ಬಂದಮೇಲೆ ಈಸ್ಟ್ ಬಿಡುವುದು. ಬಾಯಿಗೆ ಫಾಯಿಲ್ ಸಡಿಲವಾಗಿ ಹೊದಿಸಿ, ಹೋಗಿ ಬರುವಾಗೆಲ್ಲ ಒಮ್ಮೆ ಕುಲುಕಿಸುವುದು. ಆ ಗಾಳಿ ಬೇಕು: ಹೊಸ ಕೋಶದ ಗೋಡೆಯೊಳಗಿನ ಪೊರೆ ಕಟ್ಟಲು ಈಸ್ಟಿಗೆ ಆಮ್ಲಜನಕ ಬೇಕಾಗುತ್ತದೆ. ಬರೀ ಸಕ್ಕರೆ ನೀರಲ್ಲಿ ಸಾಕಿದರೆ ಸಾರಜನಕ ಸಿಗದೆ ಸೊರಗುತ್ತದೆ. ಕೈಯಲ್ಲಿರುವುದು ಚೂರೇ ಆದರೆ ಒಮ್ಮೆಲೇ ಲೀಟರಿಗೆ ಸುರಿಯಬಾರದು. ಮೊದಲು 10 ಮಿಲಿ, ಅದು ಮಂದವಾದಮೇಲೆ 100, ಆಮೇಲೆ 1,000. ಪ್ರತಿ ಹಂತದಲ್ಲೂ ಈಸ್ಟ್ ಬಹುಮತದಲ್ಲಿರಬೇಕು.

ಮನೆಯ ಪ್ರೆಶರ್ ಕುಕ್ಕರ್ ಇಲ್ಲಿ ದೊಡ್ಡ ಉಪಕಾರಿ. ಪ್ರಯೋಗಾಲಯದ ಆಟೋಕ್ಲೇವ್ ಮಾಡುವ 121 ಡಿಗ್ರಿಯ ಆಸುಪಾಸಿಗೆ ಅದೂ ಮುಟ್ಟುತ್ತದೆ. ಬಾಟಲಿ, ನೀರು, ಮಾಲ್ಟ್ ರಸ ಯಾವುದನ್ನೇ ಆಗಲಿ ಇಪ್ಪತ್ತು ನಿಮಿಷ ಅದರಲ್ಲಿಟ್ಟು ತಾನಾಗಿಯೇ ಆರಲು ಬಿಟ್ಟರೆ ಬರೀ ಕುದಿಸಿದಾಗ ಸಾಯದ ಬ್ಯಾಕ್ಟೀರಿಯಾ ಬೀಜಗಳೂ ಸಾಯುತ್ತವೆ. ಈಸ್ಟ್ ವರ್ಗಾಯಿಸುವಾಗ ಫ್ಯಾನ್ ಆರಿಸಿ. ಮೇ ತಿಂಗಳಲ್ಲಿ ಇದು ಶಿಕ್ಷೆಯೇ, ಆದರೆ ನಮ್ಮ ಕರಿಮಣ್ಣಿನ ಧೂಳಿಗೆ ಫ್ಯಾನಿನ ಗಾಳಿಗಿಂತ ಒಳ್ಳೆಯ ಸವಾರಿ ಇನ್ನೊಂದಿಲ್ಲ.

ಈಗ ಮಲಗಿಸುವ ಕೆಲಸ. ಹೆಚ್ಚಿನವರು ಎಡವುವುದು ಇಲ್ಲೇ. ನೊರೆ ಜೋರಾಗಿರುವಾಗಲೇ ಬಾಟಲಿಯನ್ನು ಫ್ರಿಜ್ಜಿಗೆ ತಳ್ಳಿದರೆ ಈಸ್ಟ್ ಬರಿಗೈಲಿ ಮಲಗುತ್ತದೆ. ಹೊರಗಿನ ಸಕ್ಕರೆ ಮುಗಿಯುತ್ತ ಬಂದಾಗ ಅದು ತನ್ನೊಳಗೆ ಗ್ಲೈಕೊಜೆನ್, ಟ್ರೆಹಲೋಸ್ ಎಂಬ ದಾಸ್ತಾನು ಮಾಡಿಕೊಳ್ಳುತ್ತದೆ. ಚಳಿ, ಹಸಿವು, ಒಣಗು ಎಲ್ಲವನ್ನೂ ತಡೆಯುವುದು ಆ ದಾಸ್ತಾನು. ಹೆಪ್ಪಿಗೆಂದು ಎತ್ತಿಡುವ ಮೊಸರು ಪೂರ್ತಿ ಗಟ್ಟಿಯಾಗಲಿ ಎಂದು ಮನೆಯ ಹೆಂಗಸರು ಕಾಯುವ ಹಾಗೆ ಇಲ್ಲಿಯೂ ಒಂದೆರಡು ದಿನ ಕಾಯಬೇಕು. ನೊರೆ ಇಳಿದು, ಕೆನೆಬಣ್ಣದ ಈಸ್ಟ್ ತಳ ಸೇರಿ, ಮೇಲಿನ ರಸ ತಿಳಿಯಾದಮೇಲೆ 2ರಿಂದ 4 ಡಿಗ್ರಿಯಲ್ಲಿಡಿ. ಮೇಲಿನ ರಸವನ್ನು ಚೆಲ್ಲಿ, ಕುದಿಸಿ ಆರಿಸಿದ ನೀರು ಹಾಕಿ ಕುಲುಕಿಸಿ ಹತ್ತು ನಿಮಿಷ ಬಿಟ್ಟರೆ ಮೂರು ಪದರ ಕಾಣುತ್ತದೆ: ಅಡಿಯಲ್ಲಿ ಕಂದು ಕಸ, ನಡುವೆ ಹಾಲಿನಂಥ ಈಸ್ಟ್, ಮೇಲೆ ನೀರು. ನಡುವಿನದನ್ನಷ್ಟೇ ಬೇರೆ ಬಾಟಲಿಗೆ ಬಗ್ಗಿಸಿಕೊಳ್ಳಬೇಕು. ಒಂದು ತಿಂಗಳೊಳಗೆ ಬಳಸಿದರೆ ಚೆನ್ನ. ಅದು ದಾಟಿದರೆ ಸತ್ತವುಗಳ ಸಂಖ್ಯೆ ಏರುವುದರಿಂದ ಮತ್ತೊಮ್ಮೆ ಸ್ಟಾರ್ಟರ್ ಮಾಡಿಕೊಳ್ಳಬೇಕು. ಬಾಟಲಿಯ ಮುಚ್ಚಳ ಬಿಗಿಯಬೇಡಿ. ಮಲಗಿದೆ ಅನ್ನಿಸಿದ ಈಸ್ಟ್ ಕರೆಂಟ್ ಹೋದ ಮಧ್ಯಾಹ್ನ ಎದ್ದು ಕೂತರೆ ಅನಿಲ ತುಂಬಿ ಗಾಜು ಒಡೆಯುತ್ತದೆ, ಆ ಚೂರು ಕಣ್ಣಿಗೆ ಹಾರುವುದೂ ಉಂಟು.

ಕರೆಂಟಿನ ಚಿಂತೆ ನಿಮ್ಮದು. ಜಿಲ್ಲೆಯೊಳಗೆ ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ಇಟ್ಟುಕೊಂಡು ನಾವು ಈ ಚಿಂತೆ ಮಾಡಬೇಕಾಗಿರುವುದು ಬೇರೆ ಕತೆ. ಈಸ್ಟ್ ಬಾಟಲಿಯನ್ನು ಫ್ರಿಜ್ಜಿನ ಬಾಗಿಲಲ್ಲಿಡದೆ ಹಿಂಬದಿಗೆ, ನೀರು ತುಂಬಿದ ಬಾಟಲಿಗಳ ನಡುವೆ ಇಡಿ. ಥರ್ಮೋಕೋಲ್ ಡಬ್ಬಿಯೊಳಗಿಟ್ಟು ಫ್ರಿಜ್ಜಲ್ಲಿಟ್ಟರೆ ಇನ್ನೂ ನಿಶ್ಚಿಂತೆ. ಮೂರು-ನಾಲ್ಕು ಗಂಟೆಯ ಕಡಿತಕ್ಕೆ ಏನೂ ಆಗುವುದಿಲ್ಲ.

ಫ್ರಿಜ್ಜನ್ನು ಅಷ್ಟಾಗಿ ನೆಚ್ಚದ ಒಂದು ಉಪಾಯವೂ ಇದೆ. ಆಲ್ಡೊ ಕಾಸ್ಟೆಲ್ಲಾನಿ ಎಂಬ ಇಟಲಿಯ ವೈದ್ಯ 1939ರಲ್ಲಿ ಸೂಚಿಸಿದ್ದು. ಉಷ್ಣವಲಯದ ರೋಗಗಳ ತಜ್ಞರಾಗಿದ್ದ ಅವರು ಶಿಲೀಂಧ್ರಗಳನ್ನು ಬರೀ ಶುದ್ಧ ನೀರಿನಲ್ಲಿ ಕಾಪಿಡಬಹುದೆಂದು ಕಂಡರು. ಚಿಕ್ಕ ಗಾಜಿನ ಕೊಳವೆಯಲ್ಲಿ ಡಿಸ್ಟಿಲ್ಡ್ ನೀರು ಹಾಕಿ ಕುಕ್ಕರಿನಲ್ಲಿ ಬೇಯಿಸಿ, ಆರಿದಮೇಲೆ ಗುಂಡುಸೂಜಿಯ ತಲೆಯಷ್ಟು ಈಸ್ಟ್ ಬಿಟ್ಟು ಮುಚ್ಚಿದರೆ ಆಯಿತು. ತಿನ್ನಲು ಏನೂ ಇಲ್ಲದ್ದರಿಂದ ಬೆಳೆಯುವುದಿಲ್ಲ, ಬೆಳೆಯದ್ದರಿಂದ ಮುಪ್ಪಾಗುವುದೂ ನಿಧಾನ. ಸಾಧಾರಣ ಕೋಣೆಯ ತಾಪದಲ್ಲಿ ವರ್ಷಗಟ್ಟಲೆ ಉಳಿದದ್ದಿದೆ. ತಗಡಿನ ಮಾಳಿಗೆಯ ಕೆಳಗೆ ಬೇಸಿಗೆ ಕಳೆಯುವ ಕೊಳವೆಗೆ ಅಷ್ಟು ಆಯುಷ್ಯ ಇರಲಾರದು. ಮನೆಯಲ್ಲೇ ಎಲ್ಲಕ್ಕಿಂತ ತಂಪಾದ, ಕತ್ತಲ ಮೂಲೆಗೆ ಇಡಿ. ಸಾಲದ್ದಕ್ಕೆ ಇನ್ನೊಂದು ಕೊಳವೆಯನ್ನು ಫ್ರಿಜ್ಜಲ್ಲೂ ಇಟ್ಟಿರಿ.

ಇನ್ನೊಂದು ಉಪಾಯ ಅಗರ್ ಓರೆ, ಅಂದರೆ ಮಿಠಾಯಿ ಅಂಗಡಿಯವರು ಚೈನಾ ಗ್ರಾಸ್ ಎಂದು ಕೊಡುವ ಕಡಲಪಾಚಿಯನ್ನು ಮಾಲ್ಟ್ ರಸದಲ್ಲಿ ಕುದಿಸಿ, ಕೊಳವೆಯಲ್ಲಿ ಓರೆಯಾಗಿ ಗಟ್ಟಿಯಾಗಿಸಿ, ಮೇಲೆ ಈಸ್ಟಿನ ಗೆರೆ ಎಳೆಯುವುದು. ಫ್ರಿಜ್ಜಲ್ಲಿ ಆರು ತಿಂಗಳು ಧಾರಾಳ. ಗ್ಲಿಸರಿನ್ ಬೆರೆಸಿ ಘನೀಕರಿಸುವ ಪದ್ಧತಿಯೂ ಇದೆಯಾದರೂ ಅದು ಮೈನಸ್ 80ರ ಪೆಟ್ಟಿಗೆ ಇರುವ ಪ್ರಯೋಗಾಲಯಕ್ಕೆ ಸರಿ. ಮನೆಯ ಫ್ರೀಜರ್ ಮಂಜು ಕರಗಿಸಿಕೊಳ್ಳಲು ಆಗಾಗ ಬೆಚ್ಚಗಾಗುತ್ತದೆ, ಆ ಏರಿಳಿತ ಈಸ್ಟನ್ನು ಕೊಲ್ಲುತ್ತದೆ.

ನನ್ನನ್ನು ಕೇಳಿದರೆ ನಮ್ಮ ಹವೆಗೆ ಹೇಳಿಮಾಡಿಸಿದ ಪದ್ಧತಿ ಇರುವುದು, ತಮಾಷೆಯೆಂದರೆ, ನಾರ್ವೆಯಲ್ಲಿ. ಅಲ್ಲಿನ ಪಶ್ಚಿಮ ಭಾಗದ ಹಳ್ಳಿಗಳ ಒಕ್ಕಲುಮನೆಗಳಲ್ಲಿ ಕ್ವೈಕ್ ಎಂಬ ಈಸ್ಟನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಕೆತ್ತಿದ ಮರದ ಬಳೆಗಳ ಸರವನ್ನು ಈಸ್ಟಿನ ಗಸಿಯಲ್ಲಿ ಅದ್ದಿ ತೂಗುಹಾಕಿ ಒಣಗಿಸುತ್ತಿದ್ದರು. ಮುಂದಿನ ಸಲ ಆ ಸರವನ್ನೇ ರಸಕ್ಕೆ ಇಳಿಬಿಟ್ಟರೆ ಸಾಕು. ಬಟ್ಟೆಯ ಮೇಲೆ ಹರಡಿ ಒಣಗಿಸಿ ಚಕ್ಕೆ ಮಾಡಿಡುವವರೂ ಇದ್ದರು. ಬೇರೆ ಏಲ್ ಈಸ್ಟುಗಳನ್ನು 18-22 ಡಿಗ್ರಿಯಲ್ಲಿ ಜೋಪಾನ ಮಾಡಬೇಕು, 30 ದಾಟಿದರೆ ಭಾರದ ಮದ್ಯಸಾರಗಳನ್ನು ಬಿಡುತ್ತವೆ. ಕ್ವೈಕ್ 35-40 ಡಿಗ್ರಿಯಲ್ಲೂ ಶುದ್ಧವಾಗಿ ಕೆಲಸ ಮಾಡುತ್ತದೆ. ಮಣಿಪುರದ ಹಮೇಯಿ, ಸಿಕ್ಕಿಂನ ಮರ್ಚಾ ಕೂಡ ಒಣಗಿಸುವ ದಾರಿಯವೇ: ಅಕ್ಕಿಹಿಟ್ಟಿನಲ್ಲಿ ಈಸ್ಟೂ ಬೂಷ್ಟೂ ಸೇರಿಸಿ ಬಿಲ್ಲೆ ತಟ್ಟಿ ಒಣಗಿಸಿಡುತ್ತಾರೆ. ಸಂಡಿಗೆ ಹಪ್ಪಳ ಒಂದೇ ದಿನಕ್ಕೆ ಗರಿಗರಿಯಾಗುವ ನಮ್ಮೂರಿನ ಒಣಹವೆಗೆ ಇದಕ್ಕಿಂತ ಸಲೀಸಾದದ್ದು ಯಾವುದು? ಆದರೆ ನೆರಳಲ್ಲಿ, ತೆಳ್ಳನೆಯ ಬಟ್ಟೆಯ ಕೆಳಗೆ. ಬಿಸಿಲಿಗಿಟ್ಟರೆ ಕಾದ ಮಾಳಿಗೆಯ ಕಲ್ಲು 50 ಡಿಗ್ರಿ ದಾಟುತ್ತದೆ, ಹಸಿ ಈಸ್ಟ್ ಆ ಶಾಖಕ್ಕೆ ಸಾಯುತ್ತದೆ.

ಇಟ್ಟದ್ದು ಬದುಕಿದೆಯೇ ಎಂದು ನೋಡಲು ಮೂಗು ಮೊದಲ ಸಾಧನ. ಬ್ರೆಡ್ಡಿನ, ಹಣ್ಣಿನ ವಾಸನೆ ಒಳ್ಳೆಯದು. ವಿನೆಗರ್, ಗೋಂದಿನ ವಾಸನೆ, ಗುಲಾಬಿ ಹಸಿರು ಕಪ್ಪು ಚುಕ್ಕೆ ಕಂಡರೆ ರುಚಿ ನೋಡಲೂ ಹೋಗದೆ ಚೆಲ್ಲಿ. ಕಾಲೇಜಿನ ಜೀವಶಾಸ್ತ್ರ ಲ್ಯಾಬಿನ ಪರಿಚಯವಿದ್ದರೆ ಒಂದು ಹನಿಗೆ ಮೆಥಿಲೀನ್ ಬ್ಲೂ ಬೆರೆಸಿ 400 ಪಟ್ಟಿನಲ್ಲಿ ನೋಡಿ. ಬದುಕಿದ ಕೋಶ ಬಣ್ಣವನ್ನು ಅರಗಿಸಿಕೊಂಡು ಬೆಳ್ಳಗೇ ಉಳಿಯುತ್ತದೆ, ಸತ್ತದ್ದು ನೀಲಿಯಾಗಿರುತ್ತದೆ. ಕೆಲವು ಕೋಶಗಳ ಪಕ್ಕೆಯಲ್ಲಿ ಪುಟ್ಟ ಗುಂಡು ಮೊಳೆತಿರುವುದು ಕಂಡರೆ ಅದು ಮರಿ.

ಮೈಕ್ರೋಬ್ರೂವರಿಯವರು ಹೇಳಿದ್ದು ನಿಜ, ಆದರೆ ಅವರೂ ಅನಂತಕಾಲ ಬಳಸುವುದಿಲ್ಲ. ಸಾಮಾನ್ಯವಾಗಿ ಐದರಿಂದ ಹತ್ತು ಸರತಿ. ಪ್ರತಿ ಸರತಿಗೂ ಒಂದಿಷ್ಟು ಬ್ಯಾಕ್ಟೀರಿಯಾ ಸೇರುತ್ತದೆ, ಉಸಿರಾಟದ ಶಕ್ತಿ ಕಳೆದುಕೊಂಡ ಕುಳ್ಳ ರೂಪಾಂತರಿಗಳು ಹೆಚ್ಚುತ್ತವೆ. ಆದ್ದರಿಂದ ಮೂಲವನ್ನು ಮುಟ್ಟದೆ ಒಂದು ಕೊಳವೆಯಲ್ಲಿಟ್ಟು, ಅದರ ಮಗುವನ್ನು ಬಳಸುವುದು ಕ್ರಮ. ಬಾಟಲಿ ಮೇಲೆ ತಳಿ, ತಾರೀಖು, ಎಷ್ಟನೇ ಸರತಿ ಎಂದು ಬರೆದಿಡಿ. ಮೂಲ ತಳಿ ಬೇಕೆಂದರೆ ಪುಣೆಯ ಎನ್‌ಸಿಐಎಂ, ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಭಂಡಾರಗಳಿವೆ. ಕಾಲೇಜು, ಸಂಸ್ಥೆಯ ಮೂಲಕ ಕೇಳುವುದು ಸಲೀಸು.

ಇದನ್ನೆಲ್ಲ ಬರೀ ಬಿಯರ್ ಹುಚ್ಚು ಎಂದು ಮನೆಯವರು ಮೂಗು ಮುರಿದರೆ ಕಿರಣ್ ಮಜುಂದಾರ್ ಷಾ ಅವರ ಹೆಸರು ಹೇಳಿ. ತಂದೆ ಯುನೈಟೆಡ್ ಬ್ರೂವರೀಸಿನ ಬ್ರೂಮಾಸ್ಟರ್. ಮಗಳೂ ಆಸ್ಟ್ರೇಲಿಯಾಕ್ಕೆ ಹೋಗಿ 1975ರಲ್ಲಿ ಬ್ರೂಮಾಸ್ಟರ್ ಆಗಿ ಬಂದರು. ಹೆಂಗಸೆಂಬ ಕಾರಣಕ್ಕೆ ಇಲ್ಲಿನ ಬ್ರೂವರಿಗಳು ಕೆಲಸ ಕೊಡಲಿಲ್ಲ. 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಶುರುವಾಯಿತು. ಅವರ ಕಂಪನಿ 2004ರಲ್ಲಿ ಮಾರುಕಟ್ಟೆಗೆ ತಂದ ಮಾನವ ಇನ್ಸುಲಿನ್ ತಯಾರಾದದ್ದು ಪಿಕಿಯಾ ಎಂಬ ಈಸ್ಟಿನಲ್ಲೇ. ಈಸ್ಟ್ ಸಾಕುವ ಕೈ ಎಲ್ಲೆಲ್ಲಿಗೋ ಹೋಗುತ್ತದೆ.

ಉಳಿದದ್ದು ಬೇಕರಿ ಈಸ್ಟ್. ಅದರಿಂದ ಬಿಯರ್ ಆಗುತ್ತದೆ, ಚೆನ್ನಾಗಿರುವುದಿಲ್ಲ. ಜಾತಿ ಅದೇ ಸೆರೆವಿಸಿಯೆ, ಆದರೆ ಹಿಟ್ಟು ಉಬ್ಬಿಸುವುದಕ್ಕೆಂದೇ ಆರಿಸಿದ ತಳಿ. ಬೇಗ ಅನಿಲ ಬಿಡುವುದು ಅದರ ಗುಣ. ಕೆಲಸ ಮುಗಿದಮೇಲೆ ಒಟ್ಟುಗೂಡಿ ತಳ ಸೇರುವ ಬಿಯರ್ ಈಸ್ಟಿನ ಶಿಸ್ತು ಅದಕ್ಕಿಲ್ಲ. ರಸ ಕದಡಿಯೇ ಉಳಿದು, ಎಷ್ಟೋ ಸಲ ಲವಂಗದ ಘಾಟು ಬರುತ್ತದೆ. ನಾನಿಗೆ ಮಾತ್ರ ಅದೇ ಸರಿ. ಹಿಂದಿನ ದಿನದ ಹಿಟ್ಟಿನ ಒಂದು ಉಂಡೆಯನ್ನು ಖಮೀರಾಗಿ ಎತ್ತಿಟ್ಟು ಮರುದಿನದ ಹಿಟ್ಟಿಗೆ ಕಲಸುವ ಭಟ್ಟಿಯವರ ಪದ್ಧತಿಯನ್ನೂ ಅದರ ಜತೆ ಮಾಡಿ ನೋಡಬಹುದು, ಹುಳಿ ಸ್ವಲ್ಪ ಏರಿ ರುಚಿ ಹೆಚ್ಚುತ್ತದೆ.

ಒಣ ಈಸ್ಟಿನ ಅರ್ಧ ಕಿಲೋ ಪೊಟ್ಟಣ ಒಡೆದಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿಡಿ. ಒಣ ಈಸ್ಟಿನ ಪ್ರತಿ ಗ್ರಾಮಿನಲ್ಲಿ ಸಾವಿರಾರು ಕೋಟಿ ಕೋಶಗಳಿರುತ್ತವೆ, ತೇವ ಮತ್ತು ಶಾಖ ಎರಡೂ ಸೇರಿದರೆ ವಾರದಲ್ಲೇ ಸೊರಗುತ್ತವೆ. ಬಳಸುವಾಗ ಹತ್ತುಪಟ್ಟು ನೀರಿನಲ್ಲಿ, 35-40 ಡಿಗ್ರಿಯ ಉಗುರುಬೆಚ್ಚಗೆ, ಕಾಲು ಗಂಟೆ ನೆನೆಯಲು ಬಿಡಿ. ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಕರಿ ಟ್ಯಾಂಕಿನ ನೀರನ್ನು ನೇರ ಹಿಡಿಯಬೇಡಿ, ಕೊಡದ ನೀರು ಬೆರೆಸಿ ಕೈ ಅದ್ದಿ ನೋಡಿಕೊಳ್ಳಿ. ಚಿಟಿಕೆ ಸಕ್ಕರೆ ಹಾಕಿದ ಮೇಲೂ ನೊರೆ ಏಳದಿದ್ದರೆ ಆ ಪೊಟ್ಟಣಕ್ಕೆ ಹಿಟ್ಟು ದಂಡ ಮಾಡಬೇಡಿ, ಬೇರೆ ತನ್ನಿ.